ಹಲಗೆ ಕಳಚಿದ ಮೇಲೂ ಉಳಿಯುವ ಅಡ್ಡಿ

ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ತೋಡು-ಹೊಳೆಗಳಿಗೆ ಅಡ್ಡಲಾಗಿ ಎರಡು ಬಗೆಯ ತಡೆಗಳಿವೆ. ಒಂದು ಅಜ್ಜಂದಿರ ಕಾಲದಿಂದ ಬಂದ ಕಟ್ಟ, ಇನ್ನೊಂದು ಕಾಂಕ್ರೀಟಿನ ಕಿಂಡಿ ಅಣೆಕಟ್ಟು. ಎರಡರ ಉದ್ದೇಶವೂ ಒಂದೇ. ಮಳೆ ಬಿಟ್ಟ ಮೇಲೆ ಸುಮ್ಮನೆ ಹರಿದುಹೋಗುವ ನೀರನ್ನು ನಾಲ್ಕೈದು ತಿಂಗಳು ಹಿಡಿದಿಟ್ಟು ಅಡಿಕೆ ತೋಟಕ್ಕೂ ಬಾವಿಗೂ ಉಣಿಸುವುದು. ಮೀನಿನ ಕಡೆಯಿಂದ ನೋಡಿದರೆ ಮಾತ್ರ ಎರಡಕ್ಕೂ ಅಜಗಜಾಂತರ. ಕಟ್ಟ ಮೀನು ಸಂಚರಿಸದ ಕಾಲದಲ್ಲಿ ಇರುತ್ತದೆ, ಸಂಚರಿಸುವ ಕಾಲಕ್ಕೆ ಇಲ್ಲವಾಗುತ್ತದೆ. ಕಿಂಡಿ ಅಣೆಕಟ್ಟು ಬಳಕೆಯಲ್ಲಿದ್ದರೂ ಇಲ್ಲದಿದ್ದರೂ ವರ್ಷವಿಡೀ ಅಲ್ಲೇ ಇರುತ್ತದೆ.

ಕಟ್ಟ ಹಾಕುವುದು ಸಾಮಾನ್ಯವಾಗಿ ನವೆಂಬರ್-ಡಿಸೆಂಬರ್‌ನಲ್ಲಿ, ಹೊಳೆಯ ನೀರು ಮೊಣಕಾಲಿಗೆ ಇಳಿದ ಮೇಲೆ. ಹೊಳೆಯದೇ ಕಲ್ಲು, ತೋಟದ ಅಡಿಕೆ ಮರ, ಕಾಡಿನ ಸೊಪ್ಪು, ಗುಡ್ಡೆಯ ಜಿಗುಟು ಮಣ್ಣು ಇದರ ಸಾಮಗ್ರಿ. ಏಣಿಲು, ಸುಗ್ಗಿ ಮುಗಿದ ಮೇಲೆ ಮೂರನೆಯ ಬೆಳೆಯಾದ ಕೊಳಕೆ ಬೆಳೆಯುತ್ತಿದ್ದ ಕಾಲದಲ್ಲಿ ಅದಕ್ಕೆ ಆಧಾರವಾಗಿದ್ದುದು ಈ ನೀರು. ಗದ್ದೆಗಳೆಲ್ಲ ತೋಟವಾದ ಮೇಲೂ ಕೆಲವು ಕಡೆ ಈ ಪದ್ಧತಿ ಉಳಿದಿದೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ಕನ್ನಡದ ಕೃಷಿಕರು ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕಿ ಹೆಸರು ಮಾಡಿದ್ದಾರೆ. ಮಣ್ಣಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲ ಬಂದಿವೆ. ಕಟ್ಟಕ್ಕೆ ಆಯುಷ್ಯ ಒಂದು ಬೇಸಿಗೆ ಮಾತ್ರ. ಮೇ ಕೊನೆಗೆ ಅದರ ಬಾಯಿ ಬಿಡಿಸುತ್ತಾರೆ, ಇಲ್ಲವಾದರೆ ಮೊದಲ ದೊಡ್ಡ ನೆರೆಯೇ ಆ ಕೆಲಸ ಮಾಡುತ್ತದೆ. ಹೊಳೆಗೆ ಹಾಕಿದ ಅಡ್ಡಿಯನ್ನು ತೆಗೆಯುವುದು ಹೊರಗಿನಿಂದ ಬಂದ ವಿಚಾರ ಎಂದುಕೊಳ್ಳುವವರು ಇದನ್ನೊಮ್ಮೆ ನೆನೆಯಬೇಕು. ಈ ಸೀಮೆಯಲ್ಲಿ ಅದು ಪ್ರತಿ ವರ್ಷದ ಕೆಲಸವಾಗಿತ್ತು.

ಕಿಂಡಿ ಅಣೆಕಟ್ಟಿನ ಲೆಕ್ಕಾಚಾರವೂ ಮೂಲದಲ್ಲಿ ಇದೇ. ಹೊಳೆಯ ತಳಕ್ಕೆ ಅಡ್ಡಲಾಗಿ ಕಾಂಕ್ರೀಟಿನ ಹಾಸು ಹಾಕಿ, ಅದರ ಮೇಲೆ ಒಂದೆರಡು ಮೀಟರ್ ಅಂತರದಲ್ಲಿ ಕಂಬಗಳನ್ನು ನಿಲ್ಲಿಸುತ್ತಾರೆ. ಪ್ರತಿ ಕಂಬದ ಪಕ್ಕೆಯಲ್ಲಿ ಮೇಲಿಂದ ಕೆಳಗೆ ಎರಡು ಗಾಡಿ, ಅಂದರೆ ಹಲಗೆ ಕೂರುವ ಸೀಳು, ಕೊರೆದಿರುತ್ತದೆ. ಮಳೆ ಕಳೆದ ಮೇಲೆ ಆ ಗಾಡಿಗಳಲ್ಲಿ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಎರಡು ಸಾಲಿನ ನಡುವೆ ಮಣ್ಣು ತುಂಬಿ ಜಡಿದರೆ ನೀರು ನಿಲ್ಲುತ್ತದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸಿಗೆ, ಹಲಗೆ ಕಳಚಿ ಒಣ ಜಾಗದಲ್ಲಿ ಪೇರಿಸಿಡಬೇಕು. ಹೇಳುವುದು ಸುಲಭ. ನೀರು ಕುಡಿದು ಉಬ್ಬಿದ ಹಲಗೆ ಗಾಡಿಯಲ್ಲಿ ಬಿಗಿದುಕೊಂಡರೆ ನಾಲ್ಕು ಜನ ಹಾರೆ ಹಾಕಿ ಮೀಟಿದರೂ ಅಲ್ಲಾಡುವುದಿಲ್ಲ. ಗೆದ್ದಲು ತಿಂದು ಒಂದಷ್ಟು ಹೋಗುತ್ತದೆ, ಕಳವಾಗಿ ಇನ್ನೊಂದಷ್ಟು. ಹಲಗೆ ಹಾಕುವವರು ಯಾರು, ತೆಗೆಯುವವರು ಯಾರು, ಖರ್ಚು ಯಾರದ್ದು ಎಂಬ ಚರ್ಚೆ ಎರಡು ವರ್ಷ ನಡೆದರೆ ಮೂರನೆಯ ವರ್ಷ ಹಲಗೆಯೇ ಇರುವುದಿಲ್ಲ. ಅಷ್ಟರಲ್ಲಿ ಆಚೀಚೆಯ ತೋಟದವರು ಕೊಳವೆಬಾವಿ ತೋಡಿರುತ್ತಾರೆ. ಕಾಂಕ್ರೀಟಿನ ಹಾಸು ಮತ್ತು ಕಂಬಗಳು ಯಾರಿಗೂ ಬೇಡದೆ ಹೊಳೆಯಲ್ಲಿ ಉಳಿಯುತ್ತವೆ. ನಿರುಪಯೋಗಿ ಅಣೆಕಟ್ಟು ಎನ್ನುವುದು ಇಂಥವನ್ನು.

ಈ ತಾಲೂಕುಗಳ ನೀರು ಎರಡು ದಾರಿಯಲ್ಲಿ ಕಡಲು ಸೇರುತ್ತದೆ. ಕೊಡಗಿನ ಗಡಿಯ ಘಟ್ಟದಿಂದ ಇಳಿಯುವ ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರು ದಾಟಿ ಕೇರಳಕ್ಕೆ ಹೋಗಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಸಮುದ್ರ ಸೇರುತ್ತದೆ. 1,712 ಮೀಟರ್ ಎತ್ತರದ ಪುಷ್ಪಗಿರಿ ತಪ್ಪಲಿನ ಕುಮಾರಧಾರೆ ಸುಬ್ರಹ್ಮಣ್ಯದ ಮೂಲಕ ಇಳಿದು, ಗುಂಡ್ಯ ಕಡೆಯ ನೀರನ್ನೂ ಕೂಡಿಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ನದಿಗಳೋ ಗಿಡ್ಡ, ಇಳಿಜಾರೋ ಕಡಿದು. ಬೇಸಿಗೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುವ ಹೊಳೆ ಜುಲೈಯಲ್ಲಿ ಮರದ ದಿಮ್ಮಿಗಳನ್ನು ಹೊತ್ತೊಯ್ಯುತ್ತದೆ. ಇಲ್ಲಿನ ಮೀನುಗಳ ಬದುಕೆಲ್ಲ ಈ ಏರಿಳಿತಕ್ಕೆ ಹೊಂದಿಕೊಂಡೇ ಬೆಳೆದದ್ದು.

ಮೊದಲ ಮಳೆಗೆ ಮೀನು ಹತ್ತುವುದು ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಮಲೆನಾಡಿನ ಕಡೆ ಅದಕ್ಕೆ ಹತ್ತುಮೀನು ಎಂದೇ ಹೆಸರು. ಕೆಂಪು ನೀರು ತೋಡಿಗೆ ಬಂದ ರಾತ್ರಿ ಟಾರ್ಚು, ಕತ್ತಿ, ಬುಟ್ಟಿ ಹಿಡಿದು ಗದ್ದೆಯ ಬದುವಿನಲ್ಲಿ ಕಾಯುವವರಿಗೆ ಆ ಮೀನು ಎಲ್ಲಿಗೆ ಹೊರಟಿದೆ ಎಂಬುದು ಮುಖ್ಯವಲ್ಲ. ಅದು ಹೊರಟಿರುವುದು ಮೊಟ್ಟೆ ಇಡಲು. ಹೊಸ ನೀರಿನ ವಾಸನೆ, ತಂಪು, ಸೆಳೆತ ಮೀನನ್ನು ಎದುರು ಪ್ರವಾಹಕ್ಕೆ ಎಬ್ಬಿಸುತ್ತವೆ. ಮುಗುಡಿನಂಥವು ಗದ್ದೆಯ ತನಕ ಹತ್ತಿ ಅಲ್ಲೇ ಮರಿ ಮಾಡುತ್ತವೆ. ಕಲ್ಲಿಗೆ ಬಾಯಿಯಡಿಯ ಬಟ್ಟಲಿನಂಥ ಅಂಗದಿಂದ ಕಚ್ಚಿಕೊಳ್ಳುವ ಗಾರಾ ಜಾತಿಯ ಪುಟ್ಟ ಮೀನುಗಳು ಬಂಡೆಯನ್ನೇ ಹಿಡಿದು ಮೇಲೇರುತ್ತವೆ.

ತುಳುವರು ಪೆರುವೋಳು ಎನ್ನುವ ಮಹಶೀರ್ ಮೀನಿನದು ಇನ್ನೂ ದೊಡ್ಡ ಪಯಣ. ಬೇಸಿಗೆಯಲ್ಲಿ ಅದು ನದಿಯ ಆಳದ ಗುಂಡಿಗಳಲ್ಲಿ ಇರುತ್ತದೆ. ಮಳೆಗಾಲದಲ್ಲಿ ಮೇಲಿನ ಉಪನದಿಗಳಿಗೆ ಹತ್ತಿ, ಜಲ್ಲಿಕಲ್ಲಿನ ತಳ ಮತ್ತು ಓಡುವ ನೀರು ಇರುವಲ್ಲಿ ಮೊಟ್ಟೆ ಬಿಡುತ್ತದೆ. ಕಲ್ಲುಗಳ ಸಂದಿಗೆ ಇಳಿದ ಮೊಟ್ಟೆಗೆ ಎಡೆಬಿಡದೆ ಗಾಳಿ ಬೆರೆತ ನೀರು ತಾಗುತ್ತಿರಬೇಕು. ಅದರ ಮೇಲೆ ಕೆಸರು ಕೂತರೆ ಮೊಟ್ಟೆ ಉಸಿರು ಕಟ್ಟಿ ಕೊಳೆಯುತ್ತದೆ. ಮಳೆ ಇಳಿಯುವಾಗ ದೊಡ್ಡ ಮೀನು ಕೆಳಗಿನ ಗುಂಡಿಗೆ ಮರಳುತ್ತದೆ, ಮರಿಗಳು ಕೆಲಕಾಲ ಅಂಚಿನ ತೆಳು ನೀರಿನಲ್ಲಿ ಬೆಳೆಯುತ್ತವೆ. ತೊಡಿಕಾನದ ಮತ್ಸ್ಯತೀರ್ಥದಲ್ಲೂ ಏನೆಕಲ್ಲಿನಲ್ಲೂ ಭಕ್ತರು ಅಕ್ಕಿ ಹಾಕುವ ದೇವರ ಮೀನುಗಳು ಈ ಬಳಗದವು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ದೇವರ ಮೀನುಗಳನ್ನು ಕೊಂದಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿಸಿದರು. ಇಂಥ ಭಕ್ತಿಯ ಕಾವಲು ಗುಂಡಿಯೊಳಗಿನ ದೊಡ್ಡ ಮೀನನ್ನು ಬಲೆಯಿಂದಲೂ ಸಿಡಿಮದ್ದಿನ ತೋಟೆಯಿಂದಲೂ ಕಾಪಾಡುತ್ತದೆ. ಆ ಮೀನು ಮೊಟ್ಟೆಯಿಡಲು ಹೋಗಬೇಕಾದ ಎರಡು-ಮೂರು ಕಿಲೋಮೀಟರ್ ಮೇಲಿನ ತೋಡು ಮಾತ್ರ ದೇವಸ್ಥಾನದ ಗಡಿಯೊಳಗೆ ಬರುವುದಿಲ್ಲ.

ಮಲೆಂಜಿಯ ದಾರಿ ಇದಕ್ಕೆ ತಿರುವುಮುರುವು. ಹಾವಿನಂತೆ ಉದ್ದಕ್ಕಿರುವ ಈ ಮೀನು ಹುಟ್ಟುವುದು ಹಿಂದೂ ಮಹಾಸಾಗರದ ಆಳದಲ್ಲಿ. ಗಾಜಿನಂತೆ ಪಾರದರ್ಶಕವಾದ ಮರಿಗಳು ಅಳಿವೆಗೆ ಬಂದು, ಬಣ್ಣ ತುಂಬಿಕೊಂಡು ನದಿ ಹತ್ತುತ್ತವೆ. ಘಟ್ಟದ ತಪ್ಪಲಿನ ಬಂಡೆಗಳಡಿ ವರ್ಷಗಟ್ಟಲೆ ಬೆಳೆದು, ಜೀವಮಾನದಲ್ಲಿ ಒಂದೇ ಸಲ ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತವೆ. ಹೊಳೆಯ ದೊಡ್ಡ ಎಟ್ಟಿಯ (ಸಿಗಡಿಯ) ಮರಿಗಳಿಗೂ ಮೊದಲ ಕೆಲವು ವಾರ ಉಪ್ಪು ಬೆರೆತ ನೀರೇ ಬೇಕು. ತಾಯಿ ಕೆಳಗಿಳಿಯಬೇಕು, ಮರಿ ಮೇಲೇರಬೇಕು. ಸಿಹಿನೀರಿನ ಚಿಪ್ಪುಗಳದ್ದು ಇನ್ನೊಂದು ವಿಚಿತ್ರ. ಅವು ತಾವಾಗಿ ದೂರ ಹೋಗಲಾರವು. ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಸವಾರಿ ಹೋಗಿ ಬೇರೆ ಕಡೆ ಉದುರುತ್ತವೆ. ಮೀನು ನಿಂತಲ್ಲಿ ಚಿಪ್ಪಿನ ಸಂತತಿಯೂ ನಿಲ್ಲುತ್ತದೆ.

ಹಲಗೆ ಇಲ್ಲದ ಕಿಂಡಿಯಲ್ಲಿ ಮೀನು ಸಲೀಸಾಗಿ ದಾಟಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ತೊಡಕು ಇರುವುದು ಕಂಬದಲ್ಲಿ ಅಲ್ಲ, ಕಣ್ಣಿಗೆ ಬೀಳದ ಹಾಸಿನಲ್ಲಿ. ಕಾಂಕ್ರೀಟಿನ ಹಾಸು ಹೊಳೆಯ ತಳಕ್ಕಿಂತ ತುಸು ಎತ್ತರದಲ್ಲಿರುತ್ತದೆ. ಅದರ ಮೇಲಿಂದ ಧುಮುಕುವ ನೀರು ಕೆಳಬದಿಯ ಮರಳನ್ನೂ ಜಲ್ಲಿಯನ್ನೂ ವರ್ಷ ವರ್ಷವೂ ಕೊರೆದೊಯ್ಯುತ್ತದೆ. ಮೇಲಿನಿಂದ ಬರಬೇಕಾದ ಮರಳು ಹಾಸಿನ ಹಿಂದೆ ತಂಗಿರುವುದರಿಂದ ಕೊರೆದ ಜಾಗ ತುಂಬುವುದಿಲ್ಲ. ಹತ್ತಿಪ್ಪತ್ತು ವರ್ಷ ಕಳೆಯುವಾಗ ಅಲ್ಲಿ ಸೊಂಟದೆತ್ತರದ ಮೆಟ್ಟಿಲು ಹುಟ್ಟಿರುತ್ತದೆ. ಹಾರುವ ಮೀನಿಗೆ ಕೆಳಗೆ ಆಳವಾದ ಗುಂಡಿ ಬೇಕು, ಓಟ ಕೀಳಲು ಜಾಗ ಬೇಕು. ಹಾಸಿನ ಕೆಳಗೆ ಕಾಂಕ್ರೀಟಿನದೇ ತುಂಡುಗಳು, ಒಡೆದ ಕಲ್ಲುಗಳು ಬಿದ್ದಿದ್ದರೆ ಅದೂ ಸಿಗದು. ಹಾರಿ ಮೇಲೆ ಬಿದ್ದರೂ ಹಾಸಿನ ಉದ್ದಕ್ಕೂ ಅಂಗೈ ಆಳದ ನೀರು ಸವೆದು ನುಣುಪಾದ ಸಿಮೆಂಟಿನ ಮೇಲೆ ಬಾಣದಂತೆ ಓಡುತ್ತಿರುತ್ತದೆ. ಸಹಜ ಹೊಳೆಯಲ್ಲಿ ಕಲ್ಲಿನ ಹಿಂದೆ ಸ್ವಲ್ಪ ನಿಂತು ಸುಧಾರಿಸಿಕೊಂಡು ಮುಂದೆ ಹೋಗುವ ಮೀನಿಗೆ ಇಲ್ಲಿ ನಿಲ್ಲಲು ಒಂದು ಕಲ್ಲೂ ಇಲ್ಲ. ರಸ್ತೆಯಡಿ ಹಾಕಿದ ಪೈಪಿನ ಮೋರಿಗಳದ್ದೂ ಇದೇ ಕಥೆ. ಪೈಪಿನ ಬಾಯಿ ತೋಡಿನಿಂದ ಎರಡಡಿ ಮೇಲಿದ್ದರೆ ಸಣ್ಣ ಮೀನಿನ ಮಟ್ಟಿಗೆ ಅದೂ ಒಂದು ಅಣೆಕಟ್ಟೇ.

ಒಂದೊಂದೇ ನೋಡಿದರೆ ಅಡ್ಡಿ ಸಣ್ಣದು, ಸಾಲಾಗಿ ನಿಂತಾಗ ದೊಡ್ಡದು. ಒಂದು ಅಡ್ಡಿಯ ಬಳಿ ಬಂದ ನೂರು ಮೀನಿನಲ್ಲಿ ಎಂಬತ್ತು ದಾಟುತ್ತವೆ ಎಂದೇ ಇಟ್ಟುಕೊಂಡರೂ ಐದು ಅಡ್ಡಿ ಕಳೆಯುವಾಗ ಉಳಿಯುವುದು ಮೂವತ್ತಮೂರು. ಅರ್ಧದಷ್ಟು ಮಾತ್ರ ದಾಟಿದರೆ ಕೊನೆಗೆ ಮೂರೇ ಮೂರು. ಮಂಗಳೂರಿನ ಅಳಿವೆಯಿಂದ ಸುಬ್ರಹ್ಮಣ್ಯಕ್ಕೆ ಹೊರಟ ಮಲೆಂಜಿ ಮರಿಯ ದಾರಿಯನ್ನು ಲೆಕ್ಕ ಹಾಕಿದರೆ, ಮೊದಲು ಉಪ್ಪುನೀರು ತಡೆಯಲು ಕಟ್ಟಿದ ಹರೇಕಳ-ಅಡ್ಯಾರು ಅಣೆಕಟ್ಟು, ನಂತರ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ, ಬಂಟ್ವಾಳದ ಜಕ್ರಿಬೆಟ್ಟು, ವಿದ್ಯುತ್ ಉತ್ಪಾದನೆಯ ಶಂಭೂರು, ಆಮೇಲೆ ಬಿಳಿಯೂರು ಸಿಗುತ್ತವೆ. ಇಷ್ಟಾದ ಮೇಲೆ ಉಪ್ಪಿನಂಗಡಿ. ಕೆಳಗಿನಿಂದ ಹತ್ತುವ ಮೀನಿಗೆ ಕುಮಾರಧಾರೆ ಶುರುವಾಗುವುದೇ ಅಲ್ಲಿ. ಇವು ಯಾವುವೂ ನಿರುಪಯೋಗಿಯಲ್ಲ. ನಗರವೊಂದರ ನಲ್ಲಿಗಳು ಇವುಗಳನ್ನು ನಂಬಿವೆ. ಕೆಳಗಿನ ದೊಡ್ಡ ಅಣೆಕಟ್ಟುಗಳನ್ನು ತೆಗೆಯುವುದು ಆಗದ ಮಾತಾದ್ದರಿಂದಲೇ ಮೇಲಿನ ತೋಡುಗಳಲ್ಲಿ ವೃಥಾ ನಿಂತಿರುವ ಸಣ್ಣವುಗಳ ವಿಚಾರ ಮುಖ್ಯವಾಗುತ್ತದೆ. ಕಡಲಿಗೆ ಹೋಗುವ ಗೊಡವೆಯಿಲ್ಲದ ಪೆರುವೋಳಿನಂಥ ಮೀನಿಗೆ ಆ ಮೇಲಿನ ಐದಾರು ಕಿಲೋಮೀಟರ್ ತೋಡು ಸಿಕ್ಕರೂ ಸಾಕು.

ಪಯಸ್ವಿನಿಯ ಕೆಳಹರಿವಿನಲ್ಲಿ ಕಾಸರಗೋಡಿಗೆ ನೀರು ಪೂರೈಸುವ ಬಾವಿಕ್ಕರೆಯಲ್ಲಿ ದಶಕಗಳ ಕಾಲ ಪ್ರತಿ ಬೇಸಿಗೆಯೂ ತಾತ್ಕಾಲಿಕ ತಡೆ ಹಾಕುತ್ತಿದ್ದರು. 2021ರಲ್ಲಿ ಶಾಶ್ವತ ಅಣೆಕಟ್ಟು ಬಂತು. ಸುಳ್ಯ ಪೇಟೆಗೂ ಕಲ್ಲುಮುಟ್ಲುವಿನ ಪಂಪ್‌ಹೌಸ್‌ಗೆ ನೀರು ಸಾಲದೆ ನಾಗಪಟ್ಟಣದ ಬಳಿ ವರ್ಷ ವರ್ಷ ಮರಳು ಚೀಲದ ಕಟ್ಟ ಹಾಕುವ ರೂಢಿ ಇತ್ತು. ಅಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಕಿಂಡಿ ಅಣೆಕಟ್ಟು ಎದ್ದಿದೆ. ಒಂದೇ ನದಿಯ ಎರಡು ರಾಜ್ಯಗಳಲ್ಲಿ ಒಂದೇ ಬಗೆಯ ಬದಲಾವಣೆ. ಇದೇ ಚಂದ್ರಗಿರಿಯಲ್ಲಿ ಮೃದುಚಿಪ್ಪಿನ ದೈತ್ಯ ಆಮೆಯೊಂದಿದೆ. ಮೀಟರಿನಷ್ಟು ಉದ್ದ ಬೆಳೆಯಬಲ್ಲ, ಹೆಚ್ಚಿನ ಹೊತ್ತು ಮರಳಿನೊಳಗೆ ಹೂತು ಮೂಗಿನ ತುದಿ ಮಾತ್ರ ಹೊರಗಿಡುವ ಪ್ರಾಣಿ. ಅಳಿವಿನಂಚಿನ ಈ ಆಮೆಯನ್ನು ಕಾಸರಗೋಡು ತನ್ನ ಜಿಲ್ಲಾ ಪ್ರಾಣಿಯೆಂದು ಸಾರಿಕೊಂಡಿದೆ. ಅದು ಮೊಟ್ಟೆಯಿಡುವುದು ಬೇಸಿಗೆಯ ಮರಳು ದಂಡೆಯಲ್ಲಿ. ಅಣೆಕಟ್ಟಿನ ಬಾಗಿಲು ಮುಚ್ಚಿ ನೀರಿನ ಮಟ್ಟ ಒಂದಡಿ ಏರಿದರೂ ಗೂಡು ಮುಳುಗುತ್ತದೆ. ಅಡ್ಡಿಯ ಪ್ರಶ್ನೆ ಮೀನಿಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಮೀನಿನ ಜಾಡು ಹಿಡಿದು ಓಡಾಡುವ ನೀರುನಾಯಿ ಇನ್ನೊಂದು.

ಈ ಕಾಳಜಿ ಹೊಸದೇನೂ ಅಲ್ಲ. ಆಗಿನ ಸೌತ್ ಕೆನರಾ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಇಲ್ಲಿನ ಹೊಳೆ ಮೀನುಗಳ ಸಂತಾನದ ಬಗ್ಗೆ ವಿಚಾರಿಸಿ ಬರೆದ ವರದಿ 1870ರಲ್ಲಿ ಅಚ್ಚಾಯಿತು. ಅವನದೇ ‘ದ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಮುದ್ರಣ ಕಂಡಿತು. ಭಾರತದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ ಅದೇ 1873ರ ತನ್ನ ವರದಿಯಲ್ಲಿ ನೀರಾವರಿ ಕಟ್ಟೆಗಳು ಮೀನಿನ ದಾರಿ ಮುಚ್ಚುತ್ತಿವೆ, ಅವುಗಳಲ್ಲಿ ಕಂಡಿ ಬಿಡಬೇಕು ಎಂದು ಸರ್ಕಾರಕ್ಕೆ ಹೇಳಿದ್ದ. 1897ರ ಮೀನುಗಾರಿಕೆ ಕಾಯ್ದೆ ತೋಟೆಯನ್ನೂ ವಿಷವನ್ನೂ ನಿಷೇಧಿಸಿದ್ದಲ್ಲದೆ, ಹೊಳೆಗೆ ಅಡ್ಡಗಟ್ಟೆ ಹಾಕುವುದನ್ನು ನಿಯಂತ್ರಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. ತೋಟೆ ಇಟ್ಟವರನ್ನು ಹಿಡಿಯಲು ಆ ಕಾಯ್ದೆ ನೆನಪಾದಷ್ಟು ಎರಡನೆಯದಕ್ಕೆ ನೆನಪಾಗಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಕಾವೇರಿಯ ಹಿಲ್ಸಾ ಮೀನು ಕುಸಿಯಿತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಅಲಹಾಬಾದಿನವರೆಗೂ ಗಂಗೆಯಲ್ಲಿ ಹತ್ತುತ್ತಿದ್ದ ಹಿಲ್ಸಾ ಅಲ್ಲಿಗೆ ಬರುವುದು ಬಹುಮಟ್ಟಿಗೆ ನಿಂತಿತು. ಜಗತ್ತಿನ ಒಟ್ಟು ಲೆಕ್ಕವೂ ಹಾಗೆಯೇ ಇದೆ. ಗಮನವಿಟ್ಟು ಎಣಿಸುತ್ತ ಬಂದ ಸಿಹಿನೀರಿನ ವಲಸೆ ಮೀನುಗಳ ಸಂಖ್ಯೆ 1970ರಿಂದ 2020ರ ನಡುವೆ ಸರಾಸರಿ ಶೇ. 81ರಷ್ಟು ಇಳಿದಿದೆ.

ಸುಳ್ಯದಲ್ಲಿ ಹಳೆಯ ಅಡ್ಡಿಗಳನ್ನು ತೆಗೆಯಿರಿ ಎಂಬ ಮಾತು ಮೀನಿಗಾಗಿ ಎದ್ದದ್ದಲ್ಲ, ನೆರೆಯ ಭಯದಿಂದ ಎದ್ದದ್ದು. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಕಲ್ಮಕಾರು, ಕೊಲ್ಲಮೊಗ್ರು, ಹರಿಹರ ಪಲ್ಲತ್ತಡ್ಕ, ಸುಬ್ರಹ್ಮಣ್ಯ ಭಾಗದಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ಗುಡ್ಡಗಳು ಜಾರಿದವು. ಬುಡಸಮೇತ ಕಿತ್ತುಬಂದ ಮರಗಳು ಸೇತುವೆಗಳ ಕಂಬಕ್ಕೂ ಕಿಂಡಿಗಳಿಗೂ ಅಡ್ಡ ಸಿಕ್ಕಿಕೊಂಡವು. ದಾರಿ ಸಿಗದ ಹೊಳೆ ಪಕ್ಕಕ್ಕೆ ನುಗ್ಗಿ ಅಂಗಡಿ, ಮನೆ, ತೋಟಗಳನ್ನು ಕೊಚ್ಚಿತು. ಒಂದು ದಿಮ್ಮಿ ಎರಡು ಕಂಬಗಳಿಗೆ ಅಡ್ಡ ಬಿದ್ದರೆ ಸಾಕು, ಅದಕ್ಕೆ ಕೊಂಬೆ, ಕೊಂಬೆಗೆ ಬಿದಿರು, ಬಿದಿರಿಗೆ ಕಸ, ಪ್ಲಾಸ್ಟಿಕ್ ಸೇರಿ ಗಂಟೆಯೊಳಗೆ ಹೊಸ ಅಣೆಕಟ್ಟೇ ಆಗಿಬಿಡುತ್ತದೆ. ಮೀಟರು ಎರಡು ಮೀಟರು ಅಂತರದ ಕಿಂಡಿಯಲ್ಲಿ ಇಪ್ಪತ್ತಡಿ ಮರ ನುಸುಳುವುದು ಹೇಗೆ? ಹಿಟಾಚಿ ತಂದು ದಿಮ್ಮಿ ಎಳೆಯುವುದು ಮಳೆಗಾಲದ ಮಾಮೂಲು ಕೆಲಸವಾಗಿದೆ. ಕಡಬದ ಹೊಸ್ಮಠದಲ್ಲಿ ತಗ್ಗಿನ ಹಳೆಯ ಸೇತುವೆ ಮುಳುಗುವುದು ಪ್ರತಿ ಮಳೆಗಾಲದ ಸುದ್ದಿಯಾಗಿತ್ತು, ಎತ್ತರದ ಹೊಸ ಸೇತುವೆ ಬಂದ ಮೇಲೆ ಆ ಸುದ್ದಿ ನಿಂತಿತು. ಮನುಷ್ಯನಿಗೆ ಬೇಕಾದ ದಾರಿಯೂ ಮೀನಿಗೆ ಬೇಕಾದ ದಾರಿಯೂ ಕೆಲವೊಮ್ಮೆ ಒಂದೇ ಕಂಬವನ್ನು ಕಿತ್ತರೆ ಸಿಗುತ್ತವೆ. ನೆರೆಯ ಹೆಸರಿನಲ್ಲಾದರೂ ಕೆಲಸ ಆದರೆ ಮೀನಿನ ತಕರಾರೇನಿಲ್ಲ.

ಅಡ್ಡಿ ತೆಗೆಯುವ ಕೆಲಸದಲ್ಲಿ ಹೆಚ್ಚು ಅನುಭವ ಇರುವುದು ಅಮೆರಿಕ ಮತ್ತು ಯುರೋಪಿಗೆ. ಅಮೆರಿಕದ ಮೇನ್ ರಾಜ್ಯದ ಕೆನೆಬೆಕ್ ನದಿಯಲ್ಲಿ 1837ರಿಂದ ನಿಂತಿದ್ದ ಎಡ್ವರ್ಡ್ಸ್ ಅಣೆಕಟ್ಟನ್ನು 1999ರಲ್ಲಿ ಒಡೆದಾಗ, ಕೆಲವೇ ವರ್ಷಗಳಲ್ಲಿ ಹೆರಿಂಗ್ ಜಾತಿಯ ಮೀನುಗಳು ಲಕ್ಷಗಟ್ಟಲೆ ಹತ್ತಿ ಬಂದವು. ಅದೇ ದೇಶದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಹಂತ ಹಂತವಾಗಿ ಇಳಿಸಿದರು. ಅವುಗಳ ಹಿಂದೆ ಸಂಗ್ರಹವಾಗಿದ್ದ ಸುಮಾರು ಎರಡು ಕೋಟಿ ಘನ ಮೀಟರ್ ಹೂಳಿನಲ್ಲಿ ಒಂದು ಪಾಲು ಹರಿದುಹೋಗಿ, ಕೊರೆದುಹೋಗಿದ್ದ ಅಳಿವೆಯಲ್ಲಿ ಹೊಸ ಮರಳು ದಂಡೆ ಎದ್ದಿತು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳ ತೆರವು 2024ರಲ್ಲಿ ಮುಗಿಯಿತು. ನೂರಕ್ಕೂ ಹೆಚ್ಚು ವರ್ಷ ಮುಚ್ಚಿದ್ದ ಮೇಲ್ಹರಿವಿಗೆ ಚಿನೂಕ್ ಸಾಲ್ಮನ್ ಕೆಲವೇ ವಾರಗಳಲ್ಲಿ ತಲುಪಿತು. ಸುಳ್ಯದ ಓದುಗರಿಗೆ ಇವೆಲ್ಲಕ್ಕಿಂತ ಹತ್ತಿರವೆನ್ನಿಸಬಹುದಾದದ್ದು ಜಪಾನಿನ ಕುಮಾ ನದಿ. ಅಲ್ಲಿಯೂ ನದಿಗಳು ಗಿಡ್ಡ, ಕಡಿದು, ಮಳೆ ಜೋರು. 1950ರ ದಶಕದಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಅರಾಸೆ ಅಣೆಕಟ್ಟನ್ನು 2012ರಲ್ಲಿ ಒಡೆಯಲು ಶುರು ಮಾಡಿ 2018ರಲ್ಲಿ ಮುಗಿಸಿದರು. ಆರು ವರ್ಷ ತೆಗೆದುಕೊಂಡದ್ದು ಸೋಮಾರಿತನದಿಂದಲ್ಲ. ನೀರು ಕಡಿಮೆ ಇರುವ ತಿಂಗಳುಗಳಲ್ಲಿ ಮಾತ್ರ, ಮೀನಿನ ಕಾಲ ನೋಡಿಕೊಂಡು, ತುಂಡು ತುಂಡಾಗಿ ಕೆಲಸ ಮಾಡಿದರು.

ಯುರೋಪಿನ ಅಂಕಿಗಳು ಇನ್ನೊಂದು ಸಂಗತಿ ಹೇಳುತ್ತವೆ. 2020ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ 36 ದೇಶಗಳ ನದಿಗಳಲ್ಲಿ ಕನಿಷ್ಠ 12 ಲಕ್ಷ ಅಡ್ಡಿಗಳಿವೆ. ಅವುಗಳಲ್ಲಿ ಶೇ. 68ರಷ್ಟು ಎರಡು ಮೀಟರಿಗಿಂತ ತಗ್ಗಿನವು, ಅಂದರೆ ನಮ್ಮ ಕಿಂಡಿ ಅಣೆಕಟ್ಟಿನ ಗಾತ್ರದವು, ಅದಕ್ಕಿಂತ ಸಣ್ಣವು. ಪಟ್ಟಿ ಮಾಡಲು ಹೊರಟಾಗಲೇ ಎಷ್ಟೋ ಕಟ್ಟೆಗಳು ಯಾವ ದಾಖಲೆಯಲ್ಲೂ ಇಲ್ಲವೆಂದು ಗೊತ್ತಾಯಿತು. ಅಲ್ಲಿ 2024ರಲ್ಲಿ ಒಂದೇ ವರ್ಷ 542 ಅಡ್ಡಿಗಳನ್ನು ತೆಗೆದರು. 2030ರೊಳಗೆ 25,000 ಕಿಲೋಮೀಟರ್ ನದಿಯನ್ನು ಅಡೆತಡೆಯಿಲ್ಲದೆ ಹರಿಯುವಂತೆ ಮಾಡಬೇಕೆಂದು ಯುರೋಪಿಯನ್ ಒಕ್ಕೂಟ ಕಾನೂನನ್ನೇ ಮಾಡಿಕೊಂಡಿದೆ.

ಭಾರತದಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಗಮನಿಸುವುದು 15 ಮೀಟರಿಗಿಂತ ಎತ್ತರದವನ್ನು, ಕೆಲವು ಷರತ್ತಿಗೆ ಒಳಪಟ್ಟು 10 ಮೀಟರ್ ದಾಟಿದವನ್ನು. ಎರಡು-ಮೂರು ಮೀಟರಿನ ಕಿಂಡಿ ಅಣೆಕಟ್ಟು ಅದರ ಕಣ್ಣಿಗೇ ಬೀಳುವುದಿಲ್ಲ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಸಮಿತಿ 2011ರ ವರದಿಯಲ್ಲಿ ಆಯುಷ್ಯ ಮುಗಿದ, ಹೂಳು ತುಂಬಿದ, ಉಪಯೋಗ ಕಳೆದುಕೊಂಡ ಅಣೆಕಟ್ಟುಗಳನ್ನು ಹಂತ ಹಂತವಾಗಿ ತೆಗೆಯಬೇಕು ಎಂದು ಶಿಫಾರಸು ಮಾಡಿತ್ತು. ವರದಿಯ ಬಗ್ಗೆ ಊರೂರಲ್ಲಿ ನಡೆದ ಗಲಾಟೆಯಲ್ಲಿ ಈ ಸಾಲನ್ನು ಪರ-ವಿರೋಧ ಎರಡೂ ಕಡೆಯವರು ಹೆಚ್ಚಾಗಿ ಓದಿದಂತಿಲ್ಲ. ಈ ನಡುವೆ ಪಶ್ಚಿಮ ವಾಹಿನಿ ಯೋಜನೆಯಡಿ ಹೊಸ ಕಿಂಡಿ ಅಣೆಕಟ್ಟುಗಳು ಏಳುತ್ತಿವೆ. ಹೊಸದು ಬೇಕಿರುವ ಕಡೆ ಬರಲಿ. ಹಳೆಯದರ ಪಕ್ಕದಲ್ಲೇ ಹೊಸದು ಎದ್ದಾಗ ಹಳೆಯದನ್ನು ಕಿತ್ತುಹಾಕುವ ಖರ್ಚನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸುವುದು ದೊಡ್ಡ ಸಂಗತಿಯೇನಲ್ಲ.

ತೆಗೆಯುವ ಕೆಲಸ ಶುರುವಾಗಬೇಕಾದ್ದು ಕಾಗದದ ಮೇಲೆ. ಕಟ್ಟೆ ಯಾರದ್ದು, ಸಣ್ಣ ನೀರಾವರಿ ಇಲಾಖೆಯದೋ ಪಂಚಾಯತಿನದೋ? ಕಳೆದ ಐದು ವರ್ಷದಲ್ಲಿ ಹಲಗೆ ಬಿದ್ದಿದೆಯೇ? ಮೇಲೆ ಎಷ್ಟು ಬಾವಿಗಳಿವೆ, ಅದರ ಬೆನ್ನ ಮೇಲೆ ಜನ ನಡೆದು ದಾಟುವ ಸಂಕವೇನಾದರೂ ಇದೆಯೇ? ಸಂಕ ಇದ್ದರೆ ಅದಕ್ಕೊಂದು ಬದಲಿ ಮೊದಲು ಬೇಕು. ಶಾಲೆಗೆ ಹೋಗುವ ಮಕ್ಕಳ ದಾರಿ ತಪ್ಪಿಸಿ ಮೀನಿಗೆ ದಾರಿ ಮಾಡಿಕೊಟ್ಟರೆ ಊರಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆಮೇಲಿನದು ಮೀನಿನ ಲೆಕ್ಕ. ಮೇಲೆ ಎಷ್ಟು ಉದ್ದದ ತೋಡು ತೆರೆಯುತ್ತದೆ, ಅಲ್ಲಿ ಜಲ್ಲಿಯ ತಳ, ನೆರಳು, ಬೇಸಿಗೆಯ ಗುಂಡಿ ಇವೆಯೇ ಎಂದು ನೋಡಬೇಕು. ನೂರು ಮೀಟರ್ ಮೇಲೆ ಮೂವತ್ತಡಿ ಜಲಪಾತವಿದ್ದರೆ ಕೆಳಗಿನ ಕಟ್ಟೆ ಒಡೆದು ಪ್ರಯೋಜನ ಅಷ್ಟಕ್ಕಷ್ಟೇ.

ಒಡೆಯುವ ಕಾಲ ಫೆಬ್ರುವರಿಯಿಂದ ಏಪ್ರಿಲ್. ನೀರನ್ನು ಒಂದು ಪಕ್ಕಕ್ಕೆ ತಿರುಗಿಸಿ ಅರ್ಧ ಹಾಸು, ಆಮೇಲೆ ಇನ್ನರ್ಧ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕಂಬಗಳನ್ನು ಕತ್ತರಿಸಿ ಹಾಸನ್ನು ಹಾಗೆಯೇ ಬಿಡುವುದು. ನೋಟಕ್ಕೆ ಹೊಳೆ ಬಯಲಾಗುತ್ತದೆ, ಮರ ಸಿಕ್ಕಿಕೊಳ್ಳುವುದೂ ನಿಲ್ಲುತ್ತದೆ, ಆದರೆ ಮೀನಿನ ಮೆಟ್ಟಿಲು ಹಾಗೆಯೇ ಉಳಿಯುತ್ತದೆ. ಹಾಸನ್ನು ಹೊಳೆಯ ಸಹಜ ತಳದ ಮಟ್ಟಕ್ಕೆ, ಸಾಧ್ಯವಿದ್ದರೆ ಇನ್ನೂ ಕೆಳಕ್ಕೆ ಕಿತ್ತು, ಕಬ್ಬಿಣದ ಸರಳುಗಳನ್ನು ಬೇರ್ಪಡಿಸಿ, ಕಾಂಕ್ರೀಟಿನ ತುಂಡುಗಳನ್ನು ಹೊಳೆಯಿಂದ ಹೊರಗೆ ಸಾಗಿಸಬೇಕು. ಎರಡೂ ದಡದ ರೆಕ್ಕೆಗೋಡೆಗಳನ್ನು ಕೆಲವೊಮ್ಮೆ ಬಿಡಬೇಕಾಗುತ್ತದೆ, ಅವು ತೋಟದ ಬದಿಯನ್ನು ಹಿಡಿದುಕೊಂಡಿರುತ್ತವೆ. ಕಟ್ಟೆಯ ಹಿಂದೆ ತುಂಬಿದ ಮರಳು-ಹೂಳು ಹೆಚ್ಚಿದ್ದರೆ ಒಂದೇ ಬಾರಿಗೆ ಬಿಡಬಾರದು. ಕೆಳಗಿನ ಗುಂಡಿಗಳು ಹೂತುಹೋಗುತ್ತವೆ. ಮೊದಲ ವರ್ಷ ನಡುವಿನಲ್ಲಿ ಒಂದು ಕಂಡಿ ಕೊರೆದು, ಒಂದು ಮಳೆಗಾಲ ನೋಡಿ, ಮರು ಬೇಸಿಗೆಯಲ್ಲಿ ಉಳಿದದ್ದನ್ನು ತೆಗೆಯುವುದು ಜಾಣತನ. ತಂಗಿದ ಮರಳನ್ನು ಕಂಡ ಕೂಡಲೇ ಟಿಪ್ಪರ್‌ಗಳು ಸಾಲುಗಟ್ಟುವ ಜಿಲ್ಲೆ ಇದು. ಆ ಮರಳು ಹೊಳೆಯ ಕೆಳಭಾಗದ ಸಾಲ, ಅದು ಕೆಳಕ್ಕೇ ಹೋಗಬೇಕು.

ತೆಗೆಯಲಾಗದ ಕಡೆಗೆ ಬೇರೆ ಉಪಾಯಗಳಿವೆ. ಹಾಸಿನ ಕೆಳಬದಿಗೆ ದೊಡ್ಡ ಕಲ್ಲುಗಳನ್ನು ನಿಧಾನ ಇಳಿಜಾರಿನಲ್ಲಿ ಜೋಡಿಸಿದರೆ ಮೀನು ಕಲ್ಲಿಂದ ಕಲ್ಲಿಗೆ ತಂಗುತ್ತ ಹತ್ತುತ್ತದೆ. ಜಾಗವಿದ್ದರೆ ಪಕ್ಕದಿಂದ ಕಿರುತೋಡೊಂದನ್ನು ಬಳಸಿ ತರಬಹುದು. ಮಲೆಂಜಿ ಮರಿಗೆ ಇಷ್ಟೂ ಬೇಡ. ಒದ್ದೆಯಾದ ಒರಟು ಮೈ ಸಿಕ್ಕರೆ ಅದು ಗೋಡೆಯನ್ನೇ ಹತ್ತುತ್ತದೆ. ನ್ಯೂಜಿಲೆಂಡಿನಲ್ಲಿ ಮೋರಿಗಳ ಬಾಯಿಂದ ನಾರು ನಾರಾದ ಹಗ್ಗಗಳನ್ನು ಇಳಿಬಿಟ್ಟು ಮಲೆಂಜಿ ಮರಿಗಳಿಗೂ ಎಟ್ಟಿಗಳಿಗೂ ದಾರಿ ಮಾಡಿದ್ದಾರೆ. ತೆಂಗಿನ ನಾರಿಗೆ ಬರಗಾಲವಿಲ್ಲದ ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಿ ನೋಡಲು ಒಂದು ಶಾಲೆಯ ವಿಜ್ಞಾನ ಸಂಘವೂ ಸಾಕು. ಬಳಕೆಯಲ್ಲಿರುವ ಕಿಂಡಿಗಳಲ್ಲಿ ಎಲ್ಲಕ್ಕಿಂತ ಅಗ್ಗದ ಉಪಾಯ ಹಲಗೆಯನ್ನು ಸಕಾಲಕ್ಕೆ ಕಳಚುವುದು, ಮತ್ತು ಅಕ್ಟೋಬರಿನಲ್ಲೇ ಹಾಕುವ ಆತುರ ಪಡದಿರುವುದು. ಮೇಲೆ ಹತ್ತಿದ ಮೀನು ಕೆಳಗಿಳಿಯುವುದು ಆ ದಿನಗಳಲ್ಲಿ.

ತೆಗೆಯದಿರುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಕೆಳಗಿನ ನಿಂತ ನೀರಿನಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಅಥವಾ ತಿಲಾಪಿಯಾ ನೆಲೆಸಿ, ಮೇಲಿನ ತೋಡು ಇನ್ನೂ ಶುದ್ಧವಾಗಿದ್ದರೆ ಆ ಹಳೆಯ ಕಟ್ಟೆಯೇ ಮೇಲಿನ ಮೀನಿಗೆ ಕೋಟೆ. ಹಲಗೆ ಬಿದ್ದ ನಾಲ್ಕು ತಿಂಗಳು ಹತ್ತಾರು ಬಾವಿಗಳನ್ನು ತುಂಬಿಸುವ ಕಿಂಡಿಯನ್ನು ಮುಟ್ಟುವುದಕ್ಕಿಂತ ದುರಸ್ತಿ ಮಾಡುವುದು ಮೇಲು. ದಾರಿ ತೆರೆದ ಮಾತ್ರಕ್ಕೆ ಮೀನು ಬಂದೇ ಬರುತ್ತದೆ ಎನ್ನಲೂ ಆಗದು. ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ಮಳೆಯಲ್ಲಿ ತೊಳೆದು ತೋಡಿಗಿಳಿಯುವುದೂ ಜೂನ್-ಜುಲೈಯಲ್ಲೇ. ಮೀನಿನ ಮರಿಗಳಿಗೆ ತಾಮ್ರ ವಿಷ. ಡ್ರಮ್ಮು ತೊಳೆದ ನೀರನ್ನು ನೇರ ತೋಡಿಗೆ ಚೆಲ್ಲದಿರುವುದು ಕಂಬ ಕಿತ್ತಷ್ಟೇ ಮುಖ್ಯ.

ಕೆಲಸ ಫಲಿಸಿತೇ ಎಂದು ತಿಳಿಯಲು ಮುಂಚೆ ಮತ್ತು ನಂತರ ಎಣಿಸಿರಬೇಕು. ಕಟ್ಟೆಯ ಕೆಳಗೊಂದು, ಮೇಲೊಂದು ಜಾಗ ಗುರುತು ಮಾಡಿ, ಮೇ ತಿಂಗಳ ತಿಳಿನೀರಿನಲ್ಲಿ ಯಾವ ಜಾತಿ, ಎಷ್ಟು ಎಂದು ಬರೆದಿಡುವುದು ಸರಳ ಕ್ರಮ. ಮೊದಲ ಮಳೆಗಾಲದಲ್ಲಿ ಕಾಣುವುದು ಮೀನಲ್ಲ, ತಳ. ನಯವಾದ ಕೆಸರು ಹರಿದುಹೋಗಿ ಮುಷ್ಟಿಗಾತ್ರದ ಕಲ್ಲುಗಳು ಮೇಲೇಳುತ್ತವೆ, ಹಾಸು ಇದ್ದ ಜಾಗದಲ್ಲಿ ನೀರು ಬಿಳಿನೊರೆಯಾಗಿ ಮುರಿಯುತ್ತದೆ. ಕಲ್ಲಿಗೆ ಪಾಚಿ ಹಿಡಿಯಲು, ಪಾಚಿಗೆ ಹುಳ ಬರಲು ಒಂದು ಬೇಸಿಗೆ ಬೇಕು. ಗಾರಾದಂಥ ಸಣ್ಣವು ಮೊದಲು ಮೇಲಿನ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಬೆರಳುದ್ದದ ಪೆರುವೋಳು ಮರಿಗಳು ಹಾಸು ಇದ್ದ ಜಾಗದ ಮೇಲ್ಗಡೆಯ ತೆಳುನೀರಿನಲ್ಲಿ ಸಿಕ್ಕಿದರೆ, ದೊಡ್ಡ ಮೀನು ಅದರ ಹಿಂದಿನ ಮಳೆಗಾಲದಲ್ಲಿ ದಾಟಿಹೋಗಿತ್ತು ಎಂದು ಲೆಕ್ಕ.